ಕೀಲೆಣ್ಣೆ ಬತ್ತುವ ಮುನ್ನ

ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ದನಗಳ ಸಂತೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ. ಆಮೇಲೆ, “ಒಂದ್ ಸುತ್ತು ನಡ್ಸಿ ತೋರ್ಸಣ್ಣ” ಎನ್ನುತ್ತಾರೆ. ಮಾತಿನಲ್ಲಿ ಮುಚ್ಚಿಟ್ಟ ಕುಂಟು ನಡಿಗೆಯಲ್ಲಿ ಹೊರಬೀಳುತ್ತದೆ. ಕುದುರೆವೈದ್ಯರ ಪರೀಕ್ಷೆ ಶುರುವಾಗುವುದೂ ಹೀಗೆಯೇ. ಗಟ್ಟಿ ನೆಲದ ಮೇಲೆ ಕುದುರೆಯನ್ನು ನೇರವಾಗಿ ಓಡಿಸಿ ತಲೆಯನ್ನು ಗಮನಿಸುತ್ತಾರೆ. ನೋಯುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಸರಿಯಿರುವ ಕಾಲೂರಿದಾಗ ತಗ್ಗುತ್ತದೆ.

ಚಾಮರಾಜನಗರ ಎತ್ತಿನ ಸೀಮೆ. ಕುದುರೆ ನೋಡಬೇಕೆಂದರೆ ಮೈಸೂರಿನ ರೇಸ್ ಕೋರ್ಸಿಗೋ, ಟಿಪ್ಪು ಕಾಲದ ನಂಟಿರುವ ಕುಣಿಗಲ್ ಸ್ಟಡ್ ಫಾರ್ಮಿಗೋ ಹೋಗಬೇಕು. ಆದರೂ ಕುದುರೆಯ ಕೀಲಿನಿಂದ ಕಲಿತದ್ದು ನಮ್ಮ ಕೊಟ್ಟಿಗೆಗೂ ಬೇಕು.

ಕುದುರೆಯ ಮೈಭಾರದಲ್ಲಿ ಸುಮಾರು ಶೇ 60ರಷ್ಟು ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಓಟದಲ್ಲಿ ಮುಂಗಾಲಿನ ಮಂಡಿಗೂ ಗೊರಸಿನ ಮೇಲಿನ ಗಿಣ್ಣಿಗೂ ಪೆಟ್ಟು ಹೆಚ್ಚು. ಎಲುಬು ಎಲುಬಿಗೆ ಉಜ್ಜದಂತೆ ನಡುವೆ ನುಣುಪಾದ ಮೃದ್ವಸ್ಥಿ ಇರುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಇದ್ದಂತೆ ಕೀಲಿನೊಳಗೂ ಅಂಟಂಟಾದ ದ್ರವವಿದೆ. ಅದಕ್ಕೆ ಆ ಜಿಗುಟು ಕೊಡುವುದು ಹಯಾಲುರಾನಿಕ್ ಆಮ್ಲ. ಕೀಲಿನಲ್ಲಿ ಉರಿಯೂತ ಎದ್ದರೆ ಇಂಟರ್‌ಲ್ಯೂಕಿನ್-1 ಎಂಬ ಪ್ರೋಟೀನು ಮೃದ್ವಸ್ಥಿಯನ್ನು ಕರಗಿಸುವ ಕಿಣ್ವಗಳನ್ನು ಕೆರಳಿಸುತ್ತದೆ. ಕೀಲೆಣ್ಣೆ ನೀರಾಗುತ್ತದೆ, ಕೀಲು ಊದುತ್ತದೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಹಾಗಾಗಿ ಒಮ್ಮೆ ಸವೆದದ್ದು ಮೊದಲಿನಂತೆ ಬೆಳೆಯುವುದಿಲ್ಲ. ಅದಕ್ಕೇ ಕುದುರೆವೈದ್ಯದ ಕಸುವೆಲ್ಲ ಬೇಗ ಗುರುತಿಸುವುದರಲ್ಲಿದೆ.

ಅಮೆರಿಕದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವೇಯ್ನ್ ಮ್ಯಾಕಿಲ್‌ರೇತ್ ಕುದುರೆಯ ಕೀಲಿನೊಳಗೆ ಸಣ್ಣ ಕೊಳವೆ ತೂರಿಸಿ ನೋಡುವ ಆರ್ಥ್ರೋಸ್ಕೋಪಿಯನ್ನು ಬೆಳೆಸಿದವರಲ್ಲಿ ಪ್ರಮುಖರು. 2002ರಲ್ಲಿ ಅಲ್ಲಿನ ತಂಡ, ಇಂಟರ್‌ಲ್ಯೂಕಿನ್-1ಕ್ಕೆ ತಡೆಯೊಡ್ಡುವ ಪ್ರೋಟೀನಿನ ಜೀನನ್ನೇ ಕುದುರೆಯ ಕೀಲಿಗೆ ಸೇರಿಸಿದ ಪ್ರಯೋಗವನ್ನು ಪ್ರಕಟಿಸಿತು. ಕುದುರೆಯ ಹಿಂಗಾಲಿನ ಮಂಡಿಯ ಮೃದ್ವಸ್ಥಿಯ ದಪ್ಪ ಮನುಷ್ಯರ ಮಂಡಿಯದಕ್ಕೆ ಹತ್ತಿರ. ಹಾಗಾಗಿ ಅಲ್ಲಿ ಕಂಡುಕೊಂಡದ್ದು ನಮ್ಮ ಅಜ್ಜಿಯಂದಿರ ಮಂಡಿನೋವಿನ ಚಿಕಿತ್ಸೆಗೂ ದಾರಿ ತೋರುತ್ತದೆ.

ಹಳೆಯ ಚಿಕಿತ್ಸೆಯೆಂದರೆ ಬರೆ. ನಮ್ಮಲ್ಲಿ ಎತ್ತಿನ ಕಾಲು ಊದಿದರೆ ಕಾದ ಕಬ್ಬಿಣ ಇಡುತ್ತಿದ್ದರು, ಇಂಗ್ಲೆಂಡಿನಲ್ಲಿ ಕುದುರೆಗೂ ಇಡುತ್ತಿದ್ದರು. ಬ್ರಿಸ್ಟಲ್‌ನ ಸಂಶೋಧಕರು ಪರೀಕ್ಷಿಸಿ, ಸ್ನಾಯುರಜ್ಜುವಿನ ಗಾಯ ವಾಸಿಯಾಗಲು ಬರೆ ನೆರವಾಗದು ಎಂದು 1983ರಲ್ಲಿ ತಿಳಿಸಿದರು. ಮೂಕಪ್ರಾಣಿಗೆ ನೋವಿನ ಮೇಲೆ ನೋವು ಕೊಟ್ಟದ್ದಷ್ಟೇ ಉಳಿಯಿತು.

ಬರೆಯ ಜಾಗಕ್ಕೆ ನೋವುನಿವಾರಕ ಚುಚ್ಚುಮದ್ದು ಬಂತು. ಬಂಡೀಪುರದ ಅಂಚಿನಲ್ಲಿ ಬದುಕುವ ನಮಗೆ ಇಲ್ಲಿ ಇನ್ನೊಂದು ಎಚ್ಚರ ಬೇಕು. ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಚುಚ್ಚಿಸಿಕೊಂಡ ದನ ಸತ್ತರೆ ಅದರ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೈಕೊಡುತ್ತದೆ. ಯೂರಿಕ್ ಆಮ್ಲ ಹಕ್ಕಿಯ ಒಡಲಲ್ಲಿ ಸುಣ್ಣದಂತೆ ಕಟ್ಟಿಕೊಳ್ಳುತ್ತದೆ. ರಣಹದ್ದುಗಳ ಸಾವಿನ ಈ ಕಾರಣ 2004ರಲ್ಲಿ ಪ್ರಕಟವಾಯಿತು. ಭಾರತ 2006ರಲ್ಲಿ ಪಶುಗಳಿಗೆ ಡೈಕ್ಲೋಫೆನಾಕ್ ನಿಷೇಧಿಸಿತು, 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್‌ಗಳನ್ನೂ ಆ ಪಟ್ಟಿಗೆ ಸೇರಿಸಿತು. ಮೆಲೋಕ್ಸಿಕಾಮ್ ಎಂಬ ನೋವುನಿವಾರಕ ರಣಹದ್ದಿಗೆ ಹಾನಿ ಮಾಡದು. ಅದನ್ನು ಕುದುರೆ, ದನ ಎರಡಕ್ಕೂ ಕೊಡುತ್ತಾರೆ. ಬಿಳಿಬೆನ್ನಿನ ರಣಹದ್ದು, ಕೆಂಪುತಲೆ ರಣಹದ್ದು ಬಂಡೀಪುರದ ಆಕಾಶದಲ್ಲಿ ಇನ್ನೂ ಸುತ್ತುತ್ತಿವೆ. ಅವುಗಳ ಆಯಸ್ಸು ಗುಂಡ್ಲುಪೇಟೆಯ ಕೊಟ್ಟಿಗೆಯಲ್ಲಿ ಹಿಡಿದ ಸಿರಿಂಜಿನೊಳಗಿದೆ.

ಹೆಬ್ಬಾಳದ ಪಶುವೈದ್ಯ ಕಾಲೇಜು 1958ರಿಂದ ವೈದ್ಯರನ್ನು ತಯಾರು ಮಾಡುತ್ತಿದೆ. ವೈದ್ಯರು ಬರುವ ಮೊದಲಿನ ಕೆಲಸ ಮಾತ್ರ ಸಾಕಿದವರದು. ಸಂತೆಯಲ್ಲಿ ಬೆಲೆ ಕಟ್ಟಲು ನಡಿಗೆ ನೋಡುವ ಕಣ್ಣು, ಬೆಳಿಗ್ಗೆ ಎತ್ತನ್ನು ಕೊಟ್ಟಿಗೆಯಿಂದ ಬಿಡುವಾಗಲೂ ಅಷ್ಟೇ ಚುರುಕಾಗಿರಲಿ. ತಲೆ ಒಮ್ಮೆ ಎದ್ದು ಒಮ್ಮೆ ತಗ್ಗಿದರೆ ಅಂದು ನೊಗ ಬೇಡ. ಪಶು ಆಸ್ಪತ್ರೆಗೆ ತಿಳಿಸಿ, ಚುಚ್ಚುವ ಮದ್ದಿನ ಹೆಸರು ಕೇಳಿ. ಆ ಒಂದು ಪ್ರಶ್ನೆ ನಿಮ್ಮ ಎತ್ತಿನ ಕಾಲನ್ನೂ ಕಾಡಿನ ಹಕ್ಕಿಯ ಜೀವವನ್ನೂ ಒಟ್ಟಿಗೆ ಕಾಯುತ್ತದೆ.