ದಾರಿಗಡ್ಡ ಆನೆ, ಬೀಳದ ರಿವರ್ಸ್ ಗೇರು
ತಳಿ ಭಾಗದ ಹಳೇ ಕಾರುಗಳ ಸಡಿಲ ಗೇರ್ ಲಿವರ್‌ಗೆ ಮದ್ದೇನು?

ತಳಿ: ಬೆಳಗಿನ ಐದು ಗಂಟೆ. ಜವಳಗಿರಿ ಕಡೆಯಿಂದ ತಳಿಗೆ ಬರುವ ರಸ್ತೆಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಹಿಂದಿನ ಸೀಟು ಮಡಚಿ ಹುರುಳಿಕಾಯಿ, ಕೊತ್ತಂಬರಿ ಸೊಪ್ಪಿನ ಮೂಟೆ ತುಂಬಿಕೊಂಡು ರೈತರೊಬ್ಬರು ಹೊಸೂರಿನ ಉಳವರ್ ಸಂದೈಗೆ ಹೊರಟಿದ್ದರು. ಪಕ್ಕದಲ್ಲಿ ಮನೆಯವರು. ತಿರುವು ದಾಟಿದ ಕೂಡಲೇ ಹೆಡ್‌ಲೈಟ್ ಬೆಳಕಿನಲ್ಲಿ ಕಂಡದ್ದು ರಸ್ತೆಗಡ್ಡ ನಿಂತ ಆನೆ!

ಕಾರು ನಿಲ್ಲಿಸಿ ಹಿಂದಕ್ಕೆ ಹೋಗೋಣವೆಂದು ರಿವರ್ಸ್ ಹಾಕಿದರೆ ಗೇರು ಬೀಳುತ್ತಿಲ್ಲ. ಲಿವರ್ ಅತ್ತಿಂದಿತ್ತ ಜೋಲಾಡುತ್ತದೆ, ಕರಕರ ಸದ್ದು ಬರುತ್ತದೆ. 'ಹಾಕಿ ಅಂದ್ರೆ' ಎಂದು ಮನೆಯವರು ಒಂದೇ ಸಮನೆ ಹೇಳುತ್ತಿದ್ದಾರೆ. ಮೂರು ಸಲ ಪ್ರಯತ್ನಿಸಿದ ಮೇಲೆ, ಮೊದಲು ಒಂದನೇ ಗೇರಿಗೆ ಹಾಕಿ, ಅಲ್ಲಿಂದ ರಿವರ್ಸ್‌ಗೆ ಎಳೆದಾಗ ಕೊನೆಗೂ ಬಿತ್ತಂತೆ. ಅಷ್ಟರಲ್ಲಿ ಆನೆ ಪಕ್ಕದ ರಾಗಿ ಹೊಲಕ್ಕೆ ಇಳಿದಿತ್ತು. 'ಆನೆ ಒಳ್ಳೇದು, ಗಾಡಿನೇ ಕೆಟ್ಟದ್ದು' ಎಂದು ಈಗ ನಗುತ್ತಾರೆ. ಅವತ್ತು ನಗುವ ಸ್ಥಿತಿಯಲ್ಲಿರಲಿಲ್ಲ.

ಬನ್ನೇರುಘಟ್ಟದಿಂದ ತಳಿ, ಜವಳಗಿರಿ ಕಾಡುಗಳ ಮೂಲಕ ಆನೆ ಹಿಂಡುಗಳು ಈ ಕಡೆಗೆ ಬರುವುದು ಹೊಸ ವಿಷಯವೇನಲ್ಲ. ರಾಗಿ ತೆನೆ ಬಲಿಯುವ ಕಾಲಕ್ಕೆ ಅವುಗಳ ಓಡಾಟ ಹೆಚ್ಚು. 2014ರಲ್ಲಿ ಘೋಷಣೆಯಾದ ಕಾವೇರಿ ಉತ್ತರ ವನ್ಯಜೀವಿ ಧಾಮವೂ ಇದೇ ಸೀಮೆಯಲ್ಲಿದೆ. ಇಂಥ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಗೇರು ಸಲೀಸಾಗಿ ಬೀಳುವುದು ಶೋಕಿಯ ಮಾತಲ್ಲ, ಜೀವದ ಮಾತು.

ಸೆಕೆಂಡ್ ಹ್ಯಾಂಡ್ ಸೀಮೆ

ಬ್ರಿಟಿಷರ ಕಾಲದಲ್ಲಿ 'ಲಿಟಲ್ ಇಂಗ್ಲೆಂಡ್' ಎನಿಸಿಕೊಂಡಿದ್ದ ತಳಿ, ಹೊಸೂರಿನಿಂದ ಸುಮಾರು 25 ಕಿ.ಮೀ. ದೂರ. ಆ ಕಡೆ ಆನೇಕಲ್, ಈ ಕಡೆ ಡೆಂಕಣಿಕೋಟೆ. ಹೂವು, ತರಕಾರಿ ಬೆಳೆಯುವವರು, ಹೊಸೂರಿನ ಕಾರ್ಖಾನೆಗಳಿಗೆ ಹೋಗುವವರು, ಗಡಿಯಾಚೆ ಮಗಳನ್ನು ಕೊಟ್ಟವರು, ಸೊಸೆ ತಂದವರು, ಎಲ್ಲರಿಗೂ ಗಾಡಿ ಬೇಕು. ಹೊಸ ಕಾರು ಕೊಳ್ಳುವಷ್ಟು ಅನುಕೂಲ ಎಲ್ಲರಿಗೂ ಇಲ್ಲ. ಬೆಂಗಳೂರಿನಲ್ಲಿ ಹತ್ತು ಹನ್ನೆರಡು ವರ್ಷ ಟ್ರಾಫಿಕ್ಕಿನಲ್ಲಿ ನಿಮಿಷಕ್ಕೆ ನಾಲ್ಕು ಸಲ ಗೇರು ಬದಲಿಸಿಕೊಂಡು ಸವೆದ ಕಾರುಗಳೇ ಇಲ್ಲಿಗೆ ಬರುತ್ತವೆ. ಎಂಜಿನ್ ಚೆನ್ನಾಗಿರುತ್ತದೆ, ಪೇಂಟ್ ಚೆನ್ನಾಗಿರುತ್ತದೆ, ಗೇರ್ ಲಿವರ್ ಮಾತ್ರ ಗಂಜಿಯೊಳಗಿನ ಸೌಟಿನಂತೆ ತಿರುಗುತ್ತದೆ.

'ಗಾಡಿ ತಗೊಳ್ಳೋವಾಗ ಹಾರ್ನ್ ನೋಡ್ತಾರೆ, ಸೀಟ್ ಕವರ್ ನೋಡ್ತಾರೆ, ಟೇಪ್ ಹಾಕಿ ನೋಡ್ತಾರೆ. ಗೇರು ಮಾತ್ರ ಯಾರೂ ಸರಿಯಾಗಿ ನೋಡಲ್ಲ' ಎನ್ನುತ್ತಾರೆ ತಳಿಯ ಹಿರಿಯ ಮೆಕ್ಯಾನಿಕ್ ಒಬ್ಬರು. ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಕೆಲಸ ಕಲಿತು ಊರಿಗೆ ಮರಳಿದವರು. ಗಿರಾಕಿಗಳ ಜತೆ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಮಾತು. ಸುತ್ತಮುತ್ತಲ ಹುಡುಗರಿಗೆ ಇವರು 'ಮೇಸ್ತ್ರಿ'.

ಬೇನೆ ಎಲ್ಲಿದೆ?

ಗೇರ್ ಲಿವರ್ ಎಂದರೆ ಒಂದು ಸನ್ನೆಗೋಲು ಇದ್ದ ಹಾಗೆ. ನಡುವೆ ಒಂದು ಗುಂಡು, ಅದನ್ನು ಹಿಡಿದಿರುವ ನೈಲಾನ್ ಬಟ್ಟಲು. ಮೇಲೆ ಕೈ ಹಿಡಿಯುವ ನಾಬ್, ಕೆಳಗೆ ಗೇರ್ ಬಾಕ್ಸ್‌ವರೆಗೆ ಹೋಗುವ ರಾಡ್ ಅಥವಾ ಕೇಬಲ್. ಪ್ರತಿ ಕೀಲಿನಲ್ಲೂ ರಬ್ಬರ್ ಇಲ್ಲವೇ ನೈಲಾನಿನ ಸಣ್ಣ ಬುಷ್. ಒಂದೊಂದು ಕೀಲಿನಲ್ಲಿ ಒಂದೆರಡು ಮಿಲಿಮೀಟರ್ ಸವೆದರೂ ಸಾಕು, ಎಲ್ಲ ಸೇರಿ ನಾಬ್ ಬಳಿ ಬೆರಳುಗಳಷ್ಟು 'ಆಟ' ಬರುತ್ತದೆ. ಮೂರಕ್ಕೆ ಹಾಕಿದೆ ಅಂದುಕೊಂಡರೆ ಒಂದಕ್ಕೆ ಹೋಗುತ್ತದೆ, ಇಲ್ಲ ನ್ಯೂಟ್ರಲ್‌ನಲ್ಲೇ ಉಳಿಯುತ್ತದೆ. ಅಂಚೆಟ್ಟಿ ಕಡೆಯ ಇಳಿಜಾರಿನಲ್ಲಿ ಹೀಗಾದರೆ ಎಂಜಿನ್ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ.

ಆದರೆ ಗೇರು ಬೀಳದಿದ್ದಾಗಲೆಲ್ಲ ತಪ್ಪು ಲಿವರ್‌ನದೇ ಅಲ್ಲ. ಮೇಸ್ತ್ರಿ ಮೊದಲು ಮಾಡುವ ಪರೀಕ್ಷೆಗೆ ಒಂದು ಪೈಸೆಯೂ ಬೇಡ. ಎಂಜಿನ್ ಆಫ್ ಮಾಡಿ ಎಲ್ಲ ಗೇರು ಹಾಕಿ ನೋಡುವುದು. ಆಫ್ ಇದ್ದಾಗ ಸಲೀಸು, ಸ್ಟಾರ್ಟ್ ಮಾಡಿದಾಗ ಗಟ್ಟಿ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಕ್ಲಚ್ ಕೇಬಲ್ ಅಡ್ಜಸ್ಟ್ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಎರಡೂ ಸಲ ಗಟ್ಟಿ ಇಲ್ಲವೇ ಜೋಲು ಎಂದರೆ ಲಿವರ್, ರಾಡ್, ಬುಷ್ ನೋಡಬೇಕು. ಒಂದೇ ಒಂದು ಗೇರಿನಲ್ಲಿ ಮಾತ್ರ ಕರಕರ ಅಂದರೆ ಒಳಗಿನ ಸಿಂಕ್ರೊನೈಜರ್ ರಿಂಗ್ ಸವೆದಿರಬಹುದು; ಅದಕ್ಕೆ ಗೇರ್ ಬಾಕ್ಸ್ ಇಳಿಸಲೇಬೇಕು. ಬಿದ್ದ ಗೇರು ಹಳ್ಳದಲ್ಲಿ ತಾನಾಗಿ ಜಾರಿ ಬರುತ್ತಿದ್ದರೆ ಎಂಜಿನ್ ಮೌಂಟಿಂಗ್ ಕುಸಿದಿದೆಯೇ ಎಂದು ಮೊದಲು ನೋಡುವುದು ಲೇಸು.

'ಹೊಸ ಬುಷ್ ಸೆಟ್ ಹಾಕೋದಕ್ಕೆ ಕೆಲವು ನೂರು ರೂಪಾಯಿ. ಬಾಕ್ಸ್ ಇಳಿಸಿದ್ರೆ ಸಾವಿರಗಟ್ಟಲೆ. ನೂರರಲ್ಲಿ ಹೋಗೋದನ್ನ ಸಾವಿರಕ್ಕೆ ಯಾಕೆ ಬೆಳೆಸ್ಬೇಕು ಸ್ವಾಮಿ?' ಎಂಬುದು ಮೇಸ್ತ್ರಿಯ ಪ್ರಶ್ನೆ.

ಗೇರ್ ಆಯಿಲ್ ವಿಷಯದಲ್ಲೂ ಅಸಡ್ಡೆ ಹೆಚ್ಚು. ಎಂಜಿನ್ ಆಯಿಲ್ ತಪ್ಪದೆ ಬದಲಿಸುವವರೂ ಗೇರ್ ಬಾಕ್ಸ್‌ನ ಎಣ್ಣೆ ಮರೆಯುತ್ತಾರೆ. ತಳಿಯ ಚಳಿಗೆ ಬೆಳಿಗ್ಗೆ ಎಣ್ಣೆ ಮಂದವಾಗಿರುತ್ತದೆ. ಮೊದಲ ಒಂದೆರಡು ಕಿ.ಮೀ. ಗೇರು ಗಟ್ಟಿ ಎನಿಸಿದರೆ ಗಾಬರಿ ಬೇಡ, ನಿಧಾನವಾಗಿ ಹಾಕಿದರೆ ಸಾಕು. ಬಿಸಿಯಾದ ಮೇಲೂ ಗಟ್ಟಿಯೇ ಇದ್ದರೆ ಎಣ್ಣೆಯ ಮಟ್ಟ, ವಯಸ್ಸು ನೋಡಿಸಬೇಕು. ಗಾಡಿಯ ಕೈಪಿಡಿಯಲ್ಲಿ ಜಿಎಲ್-4 ದರ್ಜೆ ಎಂದಿದ್ದರೆ ಅದೇ ಹಾಕಬೇಕು. 'ಜಿಎಲ್-5 ಇನ್ನೂ ಒಳ್ಳೇದು' ಎಂದು ಅಂಗಡಿಯವರು ಹೇಳಿದರೂ ಒಪ್ಪಬಾರದು. ಅದರಲ್ಲಿರುವ ರಾಸಾಯನಿಕಗಳು ಹಿತ್ತಾಳೆ ರಿಂಗ್‌ಗಳಿಗೆ ಒಗ್ಗದಿರಬಹುದು.

ಹುಡುಗರ 'ಶಾರ್ಟ್ ಶಿಫ್ಟರ್' ಹುಚ್ಚು

ಇನ್ನೊಂದು ಕಡೆ ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುವ ಯುವಕರದು ಬೇರೆಯೇ ಬೇಡಿಕೆ. ಲಿವರ್ ಗಿಡ್ಡ ಇರಬೇಕು, ಕೈ ಸ್ವಲ್ಪ ಆಡಿಸಿದರೆ ಟಕ್ ಅಂತ ಗೇರು ಬೀಳಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತೂಕದ ನಾಬ್ ತರುವವರಿದ್ದಾರೆ. ಹಿತ್ತಾಳೆ ಬುಷ್‌ಗಳನ್ನು ಲೇತ್‌ನಲ್ಲಿ ಕಡೆಸಿ ಹಾಕಿಸುವವರೂ ಇದ್ದಾರೆ. ಲೇತ್ ಕೆಲಸಕ್ಕೆ ಹೊಸೂರಿನಲ್ಲೇನು ಬರವೇ?

ಇದರ ಲೆಕ್ಕ ಸುಲಭ. ಗುಂಡಿನ ಮೇಲೆ ಲಿವರ್ 30 ಸೆಂ.ಮೀ., ಕೆಳಗೆ 5 ಸೆಂ.ಮೀ. ಇದೆ ಎಂದುಕೊಳ್ಳಿ. ಆರಕ್ಕೆ ಒಂದು. ರಾಡ್ 2 ಸೆಂ.ಮೀ. ಸರಿಯಬೇಕಾದರೆ ಕೈ 12 ಸೆಂ.ಮೀ. ಓಡಾಡಬೇಕು. ಮೇಲಿನದನ್ನು 25ಕ್ಕೆ ಇಳಿಸಿದರೆ ಐದಕ್ಕೆ ಒಂದು. ಕೈ 10 ಸೆಂ.ಮೀ. ಆಡಿಸಿದರೆ ಸಾಕು. ಆದರೆ ಬಿಟ್ಟಿ ಏನೂ ಸಿಗುವುದಿಲ್ಲ. ಅದೇ ಗೇರು ಹಾಕಲು ಕೈಬಲ ಶೇ 20ರಷ್ಟು ಹೆಚ್ಚು ಬೇಕು. ಜತೆಗೆ, ಎರಡು ಗೇರುಗಳ ವೇಗ ಸಮ ಮಾಡುವ ರಿಂಗ್‌ಗೆ ತನ್ನ ಕೆಲಸ ಮಾಡಲು ಕ್ಷಣಮಾತ್ರ ಬಿಡುವು ಬೇಕು. ಟಕ್ಕನೆ ದಬ್ಬಿದರೆ ಅದು ಬೇಗ ಸವೆಯುತ್ತದೆ.

ಲೋಹದ ಬುಷ್ ಹಾಕಿದರೆ ಲಿವರ್ ಬಿಗಿಯಾಗುವುದು ನಿಜ. ಆದರೆ ನೈಲಾನ್, ರಬ್ಬರ್ ನುಂಗುತ್ತಿದ್ದ ನಡುಕವೆಲ್ಲ ಆಗ ನೇರವಾಗಿ ಅಂಗೈಗೇ ಬರುತ್ತದೆ. ತೂಕದ ನಾಬ್ ಹೊಸ ಗಾಡಿಯಲ್ಲಿ ಹಿತವೆನಿಸಬಹುದು, ಸವೆದ ಬಾಕ್ಸ್‌ನಲ್ಲಿ ಹಳ್ಳ ಬಂದಾಗ ಅದರ ಭಾರಕ್ಕೇ ಗೇರು ಜಾರಬಹುದು. ಲಿವರ್ ಕತ್ತರಿಸಿ ವೆಲ್ಡಿಂಗ್ ಮಾಡಿಸುವುದಂತೂ ಬೇಡವೇ ಬೇಡ. ಬೆಸುಗೆ ಬಿಟ್ಟರೆ ಓಡುವ ಗಾಡಿಯಲ್ಲಿ ಲಿವರ್ ಕೈಗೇ ಬರುತ್ತದೆ!

ಕಾನೂನಿನ ಕಡೆಗೂ ಗಮನವಿರಲಿ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ನಮೂನೆಗಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಸವೆದ ಬುಷ್ ತೆಗೆದು ಅದೇ ನಮೂನೆಯ ಹೊಸದು ಹಾಕುವುದು ರಿಪೇರಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ವಾರಂಟಿ ಇರುವ ಗಾಡಿಯಾದರೆ ಬೇರೆ ಭಾಗ ಹಾಕುವ ಮುನ್ನ ಷೋರೂಮಿನವರನ್ನು ಕೇಳುವುದು ಒಳಿತು.

ಡಬಲ್ ಕ್ಲಚ್‌ನ ದಿನಗಳು

ಇವತ್ತಿನ ಹುಡುಗರಿಗೆ ಕಷ್ಟ ಎನಿಸುವುದು ಹಿಂದಿನವರಿಗೆ ಸುಖ. ಹಳೇ ಲಾರಿ ಡ್ರೈವರ್‌ಗಳು ಒಂದು ಗೇರಿಗೆ ಎರಡು ಸಲ ಕ್ಲಚ್ ಒತ್ತುತ್ತಿದ್ದರು. ನ್ಯೂಟ್ರಲ್‌ಗೆ ಬಂದು, ಎಂಜಿನ್ ಸದ್ದು ಕೇಳಿ, ವೇಗ ಹೊಂದಿಸಿ ಮುಂದಿನ ಗೇರು. ಈ ಗೋಳು ತಪ್ಪಿಸಿದ ಸಿಂಕ್ರೊಮೆಶ್ ವ್ಯವಸ್ಥೆಯನ್ನು ಅಮೆರಿಕದ ಕ್ಯಾಡಿಲಾಕ್ ಕಂಪನಿ 1928ರಲ್ಲೇ ಕಾರಿಗೆ ತಂದಿತ್ತು. ನಮ್ಮಲ್ಲಿ ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಗೇರ್ ಲಿವರ್ ಸ್ಟೀರಿಂಗ್ ಪಕ್ಕದಲ್ಲೇ ಇರುತ್ತಿತ್ತು. ಅಲ್ಲಿಂದ ಬಾಕ್ಸ್‌ವರೆಗೆ ಕೀಲಿನ ಮೇಲೆ ಕೀಲು, ಸವೆದಷ್ಟೂ ಜೋಲು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ನೆಲದ ಮೇಲಿನ ಗಿಡ್ಡ ಲಿವರ್ ಮನೆಮಾತಾಯಿತು.

1980ರಿಂದ ಲಾರಿ ತಯಾರಿಸುತ್ತಿರುವ ಅಶೋಕ್ ಲೇಲ್ಯಾಂಡ್ ಘಟಕ ಹೊಸೂರಿನಲ್ಲೇ ಇದೆ. ಅದೇ ಹೊಸೂರಿನಲ್ಲಿ ಈಗ ಟಿವಿಎಸ್, ಏಥರ್ ಎಲೆಕ್ಟ್ರಿಕ್ ಸ್ಕೂಟರ್‌ಗಳೂ ತಯಾರಾಗುತ್ತವೆ. ಇದೇ ಜಿಲ್ಲೆಯ ಪೋಚಂಪಳ್ಳಿಯಲ್ಲಿ 2021ರಲ್ಲಿ ಓಲಾ ಕಾರ್ಖಾನೆ ಬಂತು. ಅವುಗಳಲ್ಲಿ ಹಾಕುವ ಗೇರೂ ಇಲ್ಲ, ಒತ್ತುವ ಕ್ಲಚ್ಚೂ ಇಲ್ಲ. 'ನಮ್ಮ ಕಾಲಕ್ಕೆ ಗೇರು ಇರ್ತದೆ. ಹುಡುಗ ಬೇಕಾದ್ರೆ ಬ್ಯಾಟರಿ ಕೆಲಸ ಕಲೀಲಿ' ಎನ್ನುವ ಮೇಸ್ತ್ರಿಯ ಮಗ ಐಟಿಐ ಓದುತ್ತಿದ್ದಾನೆ. ಆದರೆ ಹಳೇ ಗಾಡಿಗಳು ಒಂದೇ ದಿನಕ್ಕೆ ರಸ್ತೆಯಿಂದ ಮಾಯವಾಗುವುದಿಲ್ಲವಲ್ಲ?

ಕೈಯಲ್ಲೂ ಇದೆ ಮದ್ದು

ಲಿವರ್ ಬಾಳಿಕೆ ಬಹಳಷ್ಟು ಓಡಿಸುವವರ ಕೈಯಲ್ಲಿದೆ. ಗೇರು ಹಾಕಿದ ಮೇಲೂ ನಾಬ್ ಮೇಲೆ ಕೈಯೂರಿ ಕೂರುವುದು ಹಲವರ ಚಾಳಿ. ಆ ಭಾರ ಬಾಕ್ಸ್ ಒಳಗಿನ ಫೋರ್ಕ್ ಮೇಲೆ ಬಿದ್ದು ಅದು ಸವೆಯುತ್ತದೆ. ಅರ್ಧ ಕ್ಲಚ್‌ನಲ್ಲಿ ಗೇರು ಎಳೆಯುವುದೂ ಅಷ್ಟೇ ಕೆಟ್ಟದ್ದು. ಬಹಳಷ್ಟು ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೊನೈಜರ್ ಇರುವುದಿಲ್ಲ. ಗಾಡಿ ಪೂರ್ತಿ ನಿಲ್ಲಬೇಕು, ಕ್ಲಚ್ ಪೂರ್ತಿ ಒತ್ತಿ ಎರಡು ಮೂರು ಸೆಕೆಂಡ್ ಕಾಯಬೇಕು. ಆಗಲೂ ಬೀಳದಿದ್ದರೆ ಒಂದನೇ ಗೇರಿಗೆ ಹಾಕಿ ತೆಗೆದು, ಆಮೇಲೆ ರಿವರ್ಸ್. ಆನೆ ಎದುರು ನಿಂತಾಗ ಆ ರೈತರ ಕೈ ಹಿಡಿದದ್ದು ಇದೇ ಉಪಾಯ.

ಮರುದಿನ ಅವರ ಕಾರು ಮೇಸ್ತ್ರಿಯ ಷೆಡ್ಡಿನಲ್ಲಿತ್ತು. 'ಅಣ್ಣಾ, ಬಾಕ್ಸ್ ಇಳಿಸ್ಬೇಕಾ?' ಎಂದು ಕೇಳಿದವರಿಗೆ ಮೇಸ್ತ್ರಿ ಅಂಗೈಯಲ್ಲಿ ತೋರಿಸಿದ್ದು ಪುಡಿಯಾಗಿದ್ದ ಎರಡು ಬುಷ್, ಒಡೆದ ನೈಲಾನ್ ಬಟ್ಟಲು. ಹೊಸದು ಹಾಕಿ, ಕ್ಲಚ್ ಕೇಬಲ್ ಬಿಗಿ ಮಾಡಿ, ಎಣ್ಣೆ ಬದಲಿಸಿ ಮಧ್ಯಾಹ್ನದೊಳಗೆ ಗಾಡಿ ಬಿಟ್ಟುಕೊಟ್ಟರು.

ಷೆಡ್ಡಿನ ಮುಂದೆಯೇ ಐದಾರು ಸಲ ರಿವರ್ಸ್ ಹಾಕಿ ತೆಗೆದು ನೋಡಿದ ರೈತರಿಗೆ ಸಮಾಧಾನವಾಯಿತು. ಮನೆಯವರು ಮಾತ್ರ ಒಂದು ಷರತ್ತು ಹಾಕಿದ್ದಾರೆ. ಗಾಡಿ ಸರಿಹೋದರೂ ಸರಿಯೇ, ರಾಗಿ ಕೊಯ್ಲು ಮುಗಿಯುವವರೆಗೆ ಬೆಳಕು ಹರಿಯದೆ ಮನೆ ಬಿಡುವಂತಿಲ್ಲ. ಸಂದೈ ತಲುಪುವುದು ಅರ್ಧ ಗಂಟೆ ತಡವಾಗುತ್ತಿದೆಯಂತೆ. ಅದಕ್ಕೆ ಇಬ್ಬರದೂ ತಕರಾರಿಲ್ಲ.