ರೈಲು ಬಾರದ ಊರಿನಲ್ಲಿ ರೈಲುದಾರಿಯ ಜಾಡು

ಕುವೈತಿನಲ್ಲಿ ರೈಲಿಲ್ಲ. ಜನರನ್ನು ಹೊತ್ತು ಊರಿಂದೂರಿಗೆ ಓಡುವ ಗಾಡಿಯನ್ನು ಈ ನೆಲ ಇಂದಿನವರೆಗೂ ಕಂಡಿಲ್ಲ. ಆದರೂ ಪಾಳುಬಿದ್ದ ರೈಲುದಾರಿಗಳ ಗೀಳು ಹತ್ತಿದವರು ಇಲ್ಲಿ ನೋಡಲೇಬೇಕಾದ ಒಂದು ಜಾಗವಿದೆ. ಜಹ್ರಾ ದಾಟಿ ಕೊಲ್ಲಿಯ ಉತ್ತರ ದಂಡೆಯತ್ತ ತಿರುಗಿದರೆ ಸಿಗುವ ಕಾಝಿಮಾ. ಇಲ್ಲಿರುವ ನಮ್ಮವರಲ್ಲಿ ಹಲವರಿಗೆ ಅದೊಂದು ಫುಟ್‌ಬಾಲ್ ಕ್ಲಬ್ಬಿನ ಹೆಸರು. ಇತಿಹಾಸ ಓದಿದವರಿಗೆ ಕ್ರಿ.ಶ. 633ರ ಯುದ್ಧಭೂಮಿ. ನಾನು ಕ್ಯಾಮೆರಾ ಹೊತ್ತು ಅಲ್ಲಿಗೆ ಹೋಗುವುದು ಬೇರೆ ಕಾರಣಕ್ಕೆ: ಬರ್ಲಿನ್-ಬಾಗ್ದಾದ್ ರೈಲುದಾರಿಯನ್ನು ಕೊಲ್ಲಿಯ ನೀರಿಗೆ ಮುಟ್ಟಿಸಲು ಜರ್ಮನರು ಕಣ್ಣಿಟ್ಟಿದ್ದ ಜಾಗ ಅದು.

ಕಥೆ ಶುರುವಾಗುವುದು ರಷ್ಯನ್ನರಿಂದ. 1898ರಲ್ಲಿ ಕೌಂಟ್ ಕಾಪ್‌ನಿಸ್ಟ್ ಎಂಬಾತ ಮೆಡಿಟರೇನಿಯನ್ ದಂಡೆಯ ಟ್ರಿಪೋಲಿಯಿಂದ ಕುವೈತಿನವರೆಗೆ ರೈಲು ಹಾಕುವ ಯೋಜನೆಯನ್ನು ಒಟ್ಟೋಮನ್ ಸರ್ಕಾರದ ಮುಂದಿಟ್ಟ. ಬ್ರಿಟಿಷರಿಗೆ ನಡುಕ ಹುಟ್ಟಿತು. ಭಾರತದ ಬಾಗಿಲಿಗೆ ಬೇರೆಯವರ ರೈಲು ಬಂದು ನಿಲ್ಲುವುದೆಂದರೆ ಅವರ ಪಾಲಿಗೆ ಸಣ್ಣ ಮಾತಲ್ಲ. 1899ರ ಜನವರಿ 23ರಂದು ಕುವೈತಿನ ದೊರೆ ಶೇಖ್ ಮುಬಾರಕ್ ಜೊತೆ ಗುಟ್ಟಾಗಿ ಒಪ್ಪಂದವಾಯಿತು. ಬ್ರಿಟಿಷರ ಒಪ್ಪಿಗೆಯಿಲ್ಲದೆ ಬೇರೆ ಯಾವ ದೇಶಕ್ಕೂ ನೆಲ ಕೊಡುವುದಿಲ್ಲವೆಂದು ಶೇಖರು ಮಾತು ಕೊಟ್ಟರು. ಮರುವರ್ಷ ಜರ್ಮನ್ ಕಾನ್ಸುಲ್ ಜನರಲ್ ಸ್ಟೆಮ್ರಿಶ್ ತಂಡ ಕಟ್ಟಿಕೊಂಡು ಬಂದು ಕಾಝಿಮಾದಲ್ಲಿ ಜಾಗ ಕೇಳಿದಾಗ ಮುಬಾರಕ್ ಒಪ್ಪಲಿಲ್ಲ. ಒಪ್ಪಂದದ ಗುಟ್ಟು ಬಂದವರಿಗೆ ತಿಳಿದಿರಲಿಲ್ಲ.

1907ರಲ್ಲಿ ಬ್ರಿಟಿಷರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರೈಲಿಗೂ ಬಂದರಿಗೂ ಒದಗಬಹುದಾಗಿದ್ದ ಶುವೈಖ್ ದಂಡೆಯನ್ನು ವರ್ಷಕ್ಕೆ 60,000 ರೂಪಾಯಿ ಬಾಡಿಗೆಗೆ ಹಿಡಿದಿಟ್ಟರು. ಆಗ ಇಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿಯೇ; 1961ರಲ್ಲಿ ದಿನಾರ್ ಬರುವವರೆಗೂ ರೂಪಾಯಿಯೇ ನಡೆಯಿತು. ಗ್ಯಾರೇಜು, ಬಿಡಿಭಾಗ, ಪೀಠೋಪಕರಣ ಎಂದು ನಾವೆಲ್ಲ ಇಂದು ಓಡಾಡುವ ಶುವೈಖಿನ ಹೆಸರು ಹಳೆಯ ರೈಲು ರಾಜಕಾರಣದ ಕಾಗದಗಳಲ್ಲಿ ಹೀಗೆ ಸೇರಿಕೊಂಡಿದೆ. ಬಾಗ್ದಾದ್ ರೈಲು ಕಡೆಗೂ ಪೂರ್ತಿಯಾದದ್ದು 1940ರಲ್ಲಿ. ಕುವೈತಿಗೆ ಅದು ಬರಲೇ ಇಲ್ಲ.

ಹಾಗಾದರೆ ಕಾಝಿಮಾದಲ್ಲಿ ಫೋಟೋ ತೆಗೆಯಲು ಏನಿದೆ? ಉಪ್ಪುಗಟ್ಟಿದ ಕೆಸರುನೆಲ, ಇಳಿತದಲ್ಲಿ ಬಹುದೂರ ಹಿಂದೆ ಸರಿಯುವ ನೀರು, ಬಡಗಣಕ್ಕೆ ಜಾಲ್ ಅಲ್ ಝೋರ್ ದಿಣ್ಣೆಯ ಸಾಲು. ಆ ದಿಣ್ಣೆಯ ಬುಡದಲ್ಲಿ ನಿಂತು ಕೊಲ್ಲಿಯ ಕಡೆ ನೋಡಿದರೆ ಎಂಜಿನಿಯರುಗಳು ಇಲ್ಲೇ ಯಾಕೆ ಆಸೆಪಟ್ಟರೆಂದು ತಿಳಿಯುತ್ತದೆ. ಇರಾಕಿನ ಕಡೆಯಿಂದ ಬರುವ ದಾರಿಗೆ ಗುಡ್ಡ ಕಡಿಯಬೇಕಿಲ್ಲ, ಹೊಳೆ ದಾಟಬೇಕಿಲ್ಲ. ದಿಣ್ಣೆಯನ್ನು ಬಳಸಿ ಬಂದರೆ ಕೊಲ್ಲಿಯ ಮರೆಯಲ್ಲಿರುವ ನೀರು. 1909ರಿಂದ ಇಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟನಾಗಿದ್ದ ಕ್ಯಾಪ್ಟನ್ ವಿಲಿಯಂ ಶೇಕ್ಸ್‌ಪಿಯರ್ ಗಾಜಿನ ಪ್ಲೇಟುಗಳ ಕ್ಯಾಮೆರಾವನ್ನು ಒಂಟೆಯ ಮೇಲೆ ಹೇರಿಕೊಂಡು ಮರಳುಗಾಡು ಸುತ್ತಿದ್ದ. ರೈಲಿನ ಜಗಳ ಮುಗಿಯದಿದ್ದ ಆ ವರ್ಷಗಳಲ್ಲಿ ಈ ನೆಲ ಹೇಗಿತ್ತೆಂದು ತಿಳಿಯಲು ಆತನ ಚಿತ್ರಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಕುವೈತಿಗೆ ತೀರಾ ಹತ್ತಿರ ನಿಜವಾಗಿಯೂ ಹಳಿ ಬಿದ್ದು ಎದ್ದುಹೋದ ದಾರಿಯೊಂದಿದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಮಿತ್ರಪಡೆಗಳು ಗಡಿಯಂಚಿನ ಉಮ್ಮ್ ಕಸ್ರ್‌ನಲ್ಲಿ ತಾತ್ಕಾಲಿಕ ಬಂದರು ಕಟ್ಟಿ, ಬಸ್ರಾ ಕಡೆಯಿಂದ ಅಲ್ಲಿಗೆ ರೈಲು ಹಾಕಿದವು. ಯುದ್ಧ ಮುಗಿದ ಮೇಲೆ ಎರಡನ್ನೂ ಕಿತ್ತರು. ಅದರ ಹಿಂದಿನ ಯುದ್ಧದಲ್ಲಂತೂ ಬಸ್ರಾ ಸುತ್ತಲಿನ ಮೀಟರ್ ಗೇಜ್ ದಾರಿಗಳಿಗೆ ಹಳಿ, ಎಂಜಿನ್, ಕೆಲಸಗಾರರು ಎಲ್ಲವೂ ಭಾರತದಿಂದಲೇ ಹಡಗು ಹತ್ತಿ ಬಂದಿದ್ದವು. ಅದಕ್ಕಾಗಿ ನಮ್ಮಲ್ಲಿ ಎಷ್ಟೋ ಶಾಖಾ ಮಾರ್ಗಗಳ ಹಳಿ ಎಬ್ಬಿಸಲಾಯಿತು. ಕೊಲ್ಲಿಗೆ ದುಡಿಯಲು ಬಂದ ನಮ್ಮವರ ಕಥೆ ಹೇಳುವಾಗ ತೈಲಕ್ಕೂ ಮೊದಲು ಬಂದ ಆ ಗ್ಯಾಂಗ್‌ಮನ್‌ಗಳನ್ನು ಯಾರೂ ನೆನೆಯುವುದಿಲ್ಲ. ನೆನೆಯಬೇಕು.

ರಜೆಯಲ್ಲಿ ಊರಿಗೆ ಹೋದಾಗ ಈ ಗೀಳಿಗೆ ಮೇವು ಹೇರಳ. ನನಗೆ ಎಲ್ಲಕ್ಕಿಂತ ಇಷ್ಟ ಕೋಲಾರದ ಚಿಕ್ಕ ರೈಲಿನ ದಾರಿ. ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿಯ ನ್ಯಾರೋ ಗೇಜ್ ಬಂತು. ಮುಂದೆ ಅದು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ಹಾದು ಚಿಕ್ಕಬಳ್ಳಾಪುರ ಮುಟ್ಟಿತು. ಆ ಕಡೆಯಿಂದ ಯಶವಂತಪುರ, ದೇವನಹಳ್ಳಿ, ನಂದಿ ಮೂಲಕ ಇನ್ನೊಂದು ಕಂಪನಿಯ ಹಳಿ ಬಂದು ಸೇರಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ತಾಲ್ಲೂಕು ತಾಲ್ಲೂಕಿಗೆ ರೈಲು ಬೇಕೆಂಬ ಹಟ ಸಂಸ್ಥಾನಕ್ಕಿತ್ತು. ಬಂಗಾರಪೇಟೆ-ಕೋಲಾರದ ನಡುವೆ ಆ ಪುಟ್ಟ ಗಾಡಿ 1990ರ ದಶಕದವರೆಗೂ ಓಡಿತು. ಈಗ ಇಡೀ ದಾರಿ ಬ್ರಾಡ್ ಗೇಜ್. ಕೋಲಾರ-ಚಿಕ್ಕಬಳ್ಳಾಪುರದ ತುಂಡು 2013ರಲ್ಲಿ ಮತ್ತೆ ತೆರೆಯಿತು. ಹಳೆಯ ಕಾಲದ್ದೆಂದು ಉಳಿದವು ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ನ ಹೆಂಚಿನ ಮಾಡಿನ ಪುಟ್ಟ ಸ್ಟೇಷನ್ನುಗಳು. ವರ್ಷಗಟ್ಟಲೆ ಹಾಳು ಸುರಿಯುತ್ತಿದ್ದ ಇವನ್ನು ಪರಂಪರೆಯ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯವರು ಕೈಗೆತ್ತಿಕೊಂಡು ದುರಸ್ತಿ ಮಾಡಿಸಿದರು. ಬೆಂಗಳೂರಿನ ವಿಮಾನ ನಿಲ್ದಾಣದ ಹತ್ತಿರವೇ ಇರುವ ದೊಡ್ಡಜಾಲವನ್ನು ಕೊಲ್ಲಿಯಿಂದ ಬಂದಿಳಿಯುವ ಕನ್ನಡಿಗರು ಒಮ್ಮೆಯಾದರೂ ನೋಡಬೇಕೆಂಬುದು ನನ್ನ ಆಸೆ.

ಗಡಿಯಾಚೆ ಹೊಸೂರಿನದು ಇನ್ನೂ ನೋವಿನ ಕಥೆ. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಆ ಸೀಮೆಗೆ ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ, ಅಲ್ಲಿಂದ ಹೊಸೂರಿಗೆ 1913ರಲ್ಲಿ ನ್ಯಾರೋ ಗೇಜ್ ಬಂತು. 1941ರಲ್ಲಿ ಮುಚ್ಚಿತು. ಮತ್ತೆ ರೈಲಿನ ಮುಖ ನೋಡಲು ಹೊಸೂರು 1960ರ ದಶಕದ ಮೀಟರ್ ಗೇಜ್‌ವರೆಗೆ ಕಾಯಬೇಕಾಯಿತು. ನಡುವೆ ಒಂದು ತಲೆಮಾರು ರೈಲಿಲ್ಲದೆ ಬೆಳೆಯಿತು.

ಇನ್ನು ಕುವೈತಿನಲ್ಲಿರುವ ದಕ್ಷಿಣ ಕನ್ನಡದವರಿಗೆಲ್ಲ ಗೊತ್ತಿರುವ ದಾರಿ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿ. 1979ರಲ್ಲಿ ತೆರೆದ ಮಂಗಳೂರು-ಹಾಸನ ಮೀಟರ್ ಗೇಜ್ 1996ರಲ್ಲಿ ನಿಂತಿತು. ಗೇಜ್ ಬದಲಾಗಿ ಸರಕು ಗಾಡಿ ಹತ್ತಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಕೊನೆಗೆ. ಆ ನಡುವಿನ ವರ್ಷಗಳಲ್ಲಿ ದೋಣಿಗಾಲಿನಿಂದ ಎಡಕುಮೇರಿಯವರೆಗೆ ಸುರಂಗ, ಸೇತುವೆಗಳ ಮೇಲೆ ಚಾರಣಿಗರು ನಡೆದದ್ದೇ ನಡೆದದ್ದು. ಅವರು ಸುಮ್ಮನೆ ಕ್ಲಿಕ್ಕಿಸಿದ ಚಿತ್ರಗಳೇ ಇಂದು ಆ ಕಾಲದ ದಾಖಲೆ. ನಿಮ್ಮ ಹಳೆಯ ಆಲ್ಬಮ್ಮಿನಲ್ಲಿ ಅಂಥದ್ದೊಂದಿದ್ದರೆ ಹಿಂಬದಿಯಲ್ಲಿ ತಿಂಗಳು, ವರ್ಷ, ಸೇತುವೆಯ ನಂಬರು ಬರೆದಿಡಿ. ಈಗ ಅಲ್ಲಿ ರೈಲು ಓಡುತ್ತಿದೆ. ಹಳಿಯ ಮೇಲೆ ನಡೆಯುವುದು ಅಪರಾಧ, ಪ್ರಾಣಕ್ಕೂ ಕುತ್ತು.

ಹೊಸದಾಗಿ ಶುರು ಮಾಡುವವರು ಹಳಿ ಹುಡುಕಬೇಡಿ, ಮಟ್ಟ ಹುಡುಕಿ. ಹಳಿಯನ್ನು ಗುಜರಿಗೆ ಹಾಕುತ್ತಾರೆ, ಸ್ಲೀಪರ್ ಒಲೆಗೋ ಬೇಲಿಗೋ ಹೋಗುತ್ತದೆ, ಜಲ್ಲಿ ರಸ್ತೆಗೆ ಬೀಳುತ್ತದೆ. ಮಣ್ಣಿನ ಏರಿ, ಕಲ್ಲಿನ ಮೋರಿ, ದಿಣ್ಣೆ ಸೀಳಿದ ಜಾಗ ಇಷ್ಟು ಉಳಿಯುತ್ತವೆ. ಎತ್ತಿನಗಾಡಿಯ ದಾರಿ ಥಟ್ಟನೆ ತಿರುಗುತ್ತದೆ. ರೈಲುದಾರಿ ಎಂದೂ ಹಾಗೆ ತಿರುಗುವುದಿಲ್ಲ. ಹೊಲಗಳ ನಡುವೆ ದೂರದಿಂದಲೇ ಮೆಲ್ಲಗೆ ಬಾಗುತ್ತ ಬರುವ ಏರಿಯೊಂದು ಕಂಡರೆ ಹಳೆಯ ಸರ್ವೆ ನಕ್ಷೆ ಬಿಚ್ಚಿ ನೋಡಿ. ಬೆಳಗಿನ ಏಳರ ಓರೆ ಬಿಸಿಲಿನಲ್ಲಿ ಮೊಣಕಾಲೆತ್ತರದ ಏರಿಯೂ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ನಡುಹಗಲಲ್ಲಿ ಅದೇ ಜಾಗ ಬರಿಯ ಬಯಲು. ಸೇತುವೆಯ ಪಕ್ಕ ಒಬ್ಬರನ್ನು ನಿಲ್ಲಿಸಿ ಒಂದಾದರೂ ಚಿತ್ರ ತೆಗೆಯಿರಿ, ಅಳತೆ ಸಿಗುತ್ತದೆ. ಊರಿನ ಹಿರಿಯರನ್ನು ಮಾತಾಡಿಸದೆ ಮರಳಬೇಡಿ.

ಕುವೈತಿನಲ್ಲಿ ಎಚ್ಚರಿಕೆ ಬೇರೆಯೇ ಬೇಕು. ಸೇನೆ, ತೈಲ, ಬಂದರುಗಳ ಆವರಣದತ್ತ ಕ್ಯಾಮೆರಾ ಎತ್ತಲೇಬಾರದು. 1991ರ ಯುದ್ಧದ ಸಿಡಿಯದ ಮದ್ದುಗುಂಡುಗಳು ಮರಳಿನಡಿ ಇಂದಿಗೂ ಸಿಗುತ್ತವೆ. ಜನ ಓಡಾಡಿದ ಜಾಡು ಬಿಟ್ಟು ಒಳಗೆ ಹೋಗಬೇಡಿ, ಕಂಡ ಲೋಹವನ್ನು ಮುಟ್ಟಬೇಡಿ.

ಇಷ್ಟೆಲ್ಲ ಆದಮೇಲೆ ಈಗ ಕುವೈತಿಗೆ ರೈಲು ಬರುವ ಮಾತಿದೆ. ಕೊಲ್ಲಿಯ ಆರು ದೇಶಗಳನ್ನು ಹೆಣೆಯುವ ಸುಮಾರು 2,100 ಕಿಲೋಮೀಟರ್ ಉದ್ದದ ಯೋಜನೆಯಲ್ಲಿ ಇಲ್ಲಿನ ಪಾಲು 111 ಕಿಲೋಮೀಟರ್. ಸೌದಿ ಗಡಿಯ ನುವೈಸೀಬ್‌ನಿಂದ ಶದ್ದಾದಿಯಾವರೆಗೆ ಹಾಕುವುದೆಂದು ಗೊತ್ತಾಗಿ, 2025ರಲ್ಲಿ ವಿನ್ಯಾಸದ ಗುತ್ತಿಗೆಯೂ ಆಗಿದೆ. ಮೈಸೂರು ಸೀಮೆಯಲ್ಲಿ ಹಳಿ ಬೀಳುವ ಮೊದಲಿನ ನೆಲದ ಚಿತ್ರ ನಮಗೆ ಸಿಗುವುದು ಅಪರೂಪ. ಇಲ್ಲಿ ಆ ಅವಕಾಶ ಇನ್ನೂ ಇದೆ. ಹಾಗಾಗಿ ಈ ಚಳಿಗಾಲ ಕಾಝಿಮಾವನ್ನು ಬಿಟ್ಟು, ಸಾರ್ವಜನಿಕ ರಸ್ತೆಯಿಂದ ಕಾಣುವಷ್ಟು ನುವೈಸೀಬ್ ದಾರಿಯ ಬಯಲನ್ನೇ ತೆಗೆಯಬೇಕೆಂದಿದ್ದೇನೆ, ಪ್ರತಿ ಚಿತ್ರಕ್ಕೂ ತಾರೀಕು, ಜಾಗ, ನಿಂತ ದಿಕ್ಕು ಬರೆದಿಟ್ಟು.