ಮಡಿಕೇರಿಯ ಗಲ್ಲು, ಕಯ್ಯೂರಿನ ಕೆಂಬಾವುಟ

ಕೊಡಗಿನಲ್ಲಿ ಕೆಂಬಾವುಟದ ಬೇರು ಹುಡುಕುತ್ತಾ ಹೊರಟರೆ ಎಲ್ಲಿಗೆ ತಲುಪುತ್ತೇವೆ ಗೊತ್ತೇ? 1837ಕ್ಕೆ! ಮಾರ್ಕ್ಸ್ ಆಗಿನ್ನೂ ಬರ್ಲಿನ್ನಿನಲ್ಲಿ ಓದುತ್ತಿದ್ದ ಹುಡುಗ!

1834ರಲ್ಲಿ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿದ ಕಂಪನಿ ಸರಕಾರ, ಕೊಡಗಿನ ಕೆಳಸೀಮೆ ಅಮರಸುಳ್ಯವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆದದ್ದನ್ನೇ ಅಳೆದುಕೊಡುತ್ತಿದ್ದ ರೈತ ಇನ್ನು ಕಂದಾಯವನ್ನು ರೊಕ್ಕದಲ್ಲೇ ಎಣಿಸಬೇಕು. ಸುಳ್ಯ ಸಿಡಿದೆದ್ದಿತು! ಕೆದಂಬಾಡಿ ರಾಮಯ್ಯಗೌಡರಂಥವರ ಮುಂದಾಳುತನದಲ್ಲಿ, ರಾಜವಂಶದವನೆನಿಸಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟ ದಂಡು 1837ರ ಏಪ್ರಿಲಿನಲ್ಲಿ ಮಂಗಳೂರನ್ನೇ ಹಿಡಿಯಿತು. ಸುಮಾರು ಎರಡು ವಾರ ಅಲ್ಲಿ ಕಂಪನಿಯ ಆಳ್ವಿಕೆಯೇ ಇಲ್ಲ! ಆಮೇಲೆ ಸೇಡು. ಅಕ್ಟೋಬರ್ 31ರಂದು ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯಲ್ಲೇ ಗಲ್ಲಿಗೇರಿಸಿದರು.

ಇನ್ನು 104 ವರ್ಷ ದಾಟಿ. ಅದೇ ಕೆನರಾ ಸೀಮೆ, ಆಗಿನ ದಕ್ಷಿಣ ಕನ್ನಡದ ತೆಂಕಣ ತುದಿ, ಕಯ್ಯೂರು. ಜಮೀನ್ದಾರರ ಸುಲಿಗೆಗೆ ಎದುರಾಗಿ ಒಕ್ಕಲುಗಳ ಸಂಘ ಕಟ್ಟಿದವರು ಕಮ್ಯುನಿಸ್ಟರು. 1941ರ ಮಾರ್ಚ್ 28ರ ಮೆರವಣಿಗೆಗೆ ಸಿಕ್ಕಿಬಿದ್ದ ಪೊಲೀಸನೊಬ್ಬ ಹೊಳೆಗೆ ಹಾರಿ ಮುಳುಗಿದ. ಆ ಸಾವಿಗಾಗಿ ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನೇಣಿಗೇರಿಸಲಾಯಿತು.

ಈ ಎರಡು ಗಲ್ಲುಗಳ ನಡುವೆ ನಿಂತವರು ಯಾರು? ನಮ್ಮ ಕಾದಂಬರಿಕಾರ ನಿರಂಜನ! ಸುಬ್ರಹ್ಮಣ್ಯದ ಮಗ್ಗುಲಿನ ಕುಳ್ಕುಂದದಲ್ಲಿ, ಹಿಂದಿನ ಆ ಬಂಡಾಯದ ಸೀಮೆಯಲ್ಲೇ 1924ರಲ್ಲಿ ಶಿವರಾಯನಾಗಿ ಹುಟ್ಟಿದ ಈತ ಹೈಸ್ಕೂಲು ಓದಿದ್ದು ಕಯ್ಯೂರಿಗೆ ಹತ್ತಿರದ ನೀಲೇಶ್ವರದಲ್ಲಿ! ಕಮ್ಯುನಿಸ್ಟನಾಗಿ ಬೆಳೆದ ಆತನ ಲೇಖನಿಯಿಂದ ಕಯ್ಯೂರಿನ ‘ಚಿರಸ್ಮರಣೆ’ ಬಂತು. 1837ರ ದಂಗೆಯ ‘ಕಲ್ಯಾಣಸ್ವಾಮಿ’ ಬಂತು. ಕೊಡಗಿನ ಪ್ರತಿರೋಧದ ‘ಸ್ವಾಮಿ ಅಪರಂಪಾರ’ವೂ ಬಂತು! ಕಯ್ಯೂರಿನ ಹೊಳೆ ತೇಜಸ್ವಿನಿ. ನಿರಂಜನರ ಒಬ್ಬ ಮಗಳ ಹೆಸರೂ ತೇಜಸ್ವಿನಿ!

ರೈತರ ಸಿಟ್ಟು ಕೆಂಬಾವುಟದಡಿ ಸೇರಿದ ಈ ಕತೆ ನಮ್ಮೊಬ್ಬರದೇ ಅಲ್ಲ. ಜಪಾನಿನ ಹಿಡಿತದಲ್ಲಿದ್ದ ತೈವಾನಿನಲ್ಲಿ ಸಕ್ಕರೆ ಕಂಪನಿಗಳ ವಿರುದ್ಧ ಕಬ್ಬು ಬೆಳೆಗಾರರು ಸಂಘ ಕಟ್ಟಿದರು. 1928ರಲ್ಲಿ ಷಾಂಘೈಯಲ್ಲಿ ಗುಟ್ಟಾಗಿ ಸೇರಿ ತೈವಾನ್ ಕಮ್ಯುನಿಸ್ಟ್ ಪಕ್ಷ ಹುಟ್ಟುಹಾಕಿದವರಲ್ಲಿ ಷಿಯೆ ಷುಯೆಹೊಂಗ್ ಎಂಬ ಹೆಣ್ಣುಮಗಳಿದ್ದಳು; ತೈವಾನಿನ ಸ್ವಾತಂತ್ರ್ಯ ಆ ಪಕ್ಷದ ಕಾರ್ಯಕ್ರಮದಲ್ಲೇ ಇತ್ತು! ನೆಲದ ಪ್ರಶ್ನೆಯೂ ನಾಡಿನ ಪ್ರಶ್ನೆಯೂ ಅಲ್ಲೂ ಒಂದೇ ಆಗಿದ್ದವು.

ಮತ್ತೆ ನಿರಂಜನರಿಗೆ ಬರೋಣ. ಅರಸೊತ್ತಿಗೆಯ ಹೆಸರಿನಲ್ಲಿ ಎದ್ದ 1837ರ ದಂಗೆಗೆ ಮಾರ್ಕ್ಸ್‌ವಾದಿಯೊಬ್ಬ ಮನಸೋತದ್ದು ಮೊದಲಿಗೆ ವಿಚಿತ್ರ ಅನ್ನಿಸೀತು. ಆದರೆ ‘ಕಲ್ಯಾಣಸ್ವಾಮಿ’ ಮುಗಿಸಿದ ಬೆನ್ನಿಗೇ ‘ಚಿರಸ್ಮರಣೆ’ ಹಿಡಿಯಿರಿ. ಸಿಂಹಾಸನದ ಹಂಗಿಲ್ಲದೆಯೂ ಎದ್ದು ನಿಲ್ಲಬಹುದೆಂದು ಈ ಸೀಮೆಯ ಉಳುವವರು ಒಂದು ಶತಮಾನದಲ್ಲಿ ಕಲಿತದ್ದು ಅಲ್ಲಿ ನಿಚ್ಚಳ!